ಟರ್ಬೈನಿನ ಪುಟ್ಟರಾಜು

ಬಿಕ್ಕೋಡಿನ ಹೋಟೆಲಿನಲ್ಲಿ ಕಾಫಿ ಆರುವಷ್ಟು ಹೊತ್ತು ಕಾಯಲಾರದೆ ದಿನವೂ ನಾಲಗೆ ಸುಟ್ಟುಕೊಳ್ಳುತ್ತಿದ್ದವರು ಪುಟ್ಟರಾಜು. ಬಸ್ಸು ನಿಲ್ಲುವ ಮೊದಲೇ ಇಳಿದುಬಿಡುವರು. ಎದುರಿನವರ ಮಾತು ಮುಗಿಯುವ ಮೊದಲೇ ಉತ್ತರ ಕೊಟ್ಟುಬಿಡುವರು. ಹೊಸಬರು ಇದನ್ನು ಹುಟ್ಟುಗುಣವೆಂದೇ ಬಗೆದಿದ್ದರು. ಆದರೆ ಊರಾಚೆಯ ಸಣ್ಣ ಜಲವಿದ್ಯುದಾಗಾರದಲ್ಲಿ ಟರ್ಬೈನು ನಡೆಸುತ್ತಿದ್ದ ಕಾಲದಲ್ಲಿ ಅವರ ನಡಿಗೆ ತುಂಬುಬಸುರಿಯ ನಡೆಯಷ್ಟು ಸಾವಧಾನದ್ದು. ಕತ್ತಿನವರೆಗೂ ಗುಂಡಿ ಹಾಕಿದ ಖಾಕಿ ಕೋಟು ತೊಟ್ಟು, ತಲೆಯನ್ನು ತುಸು ವಾಲಿಸಿ, ಯಂತ್ರದ ನಾದವನ್ನು ಆಲಿಸುತ್ತ ನಿಂತರೆಂದರೆ ಲೋಕದ ಯಾವ ಅವಸರವೂ ಅವರ ಬಳಿ ಸುಳಿಯುತ್ತಿರಲಿಲ್ಲ.

ತೊಂಬತ್ತೆಂಟರ ಮಳೆಗಾಲದ ಒಂದು ಮಧ್ಯಾಹ್ನ ಟರ್ಬೈನಿನ ಬೇರಿಂಗು ಬಿಸಿಯೇರತೊಡಗಿತು. ಪುಟ್ಟರಾಜು ಲೋಡು ಇಳಿಸಿದರು. ಶಾಖ ತೋರಿಸುವ ಮುಳ್ಳು ಇಳಿಯಲಿಲ್ಲ. ಇನ್ನು ನೀರಿನ ಬಾಗಿಲು ಮುಚ್ಚಿ ಯಂತ್ರವನ್ನು ನಿಲ್ಲಿಸಬೇಕು. ಕೈ ಆ ಬಾಗಿಲಿನ ಚಕ್ರದ ಮೇಲೆಯೇ ಇತ್ತು. ಅಷ್ಟರಲ್ಲಿ ಬಹುಕಾಲದ ಜೊತೆಗಾರ, ಎಣ್ಣೆ ನೋಡಿಕೊಳ್ಳುತ್ತಿದ್ದ ಹಾರನಹಳ್ಳಿಯ ಜವರಪ್ಪ, ಬೇರಿಂಗಿನ ಪಕ್ಕದ ತಣ್ಣೀರಿನ ಪೈಪಿನತ್ತ ಬಾಗಿ ಕೂಗಿದ:

"ಒಸಿ ತಡಿಯಣ್ಣ, ಜಾಲರಿಗೆ ಎಲೆ ಕಟ್ಕೊಂಡೈತೆ. ತೆಗುದ್ರೆ ತಣ್ಗಾಯ್ತದೆ."

ಪುಟ್ಟರಾಜು ತಡೆದರು. ತಡೆಯುವುದೇ ಅವರ ಸ್ವಭಾವವಾಗಿತ್ತು. ಎಲೆ ಕೈಗೆ ಬರುವ ಮುನ್ನವೇ ಬೇರಿಂಗು ಕಚ್ಚಿಕೊಂಡು, ಕಾದ ಎಣ್ಣೆ ಸಿಡಿದು ಭಗ್ಗೆಂದು ಹತ್ತಿತು. ಚಕ್ರ ತಿರುಗಿಸಿ ನೀರು ಮುಚ್ಚಿ, ಓಡಿಹೋಗಿ, ತಮ್ಮ ಕೋಟನ್ನೇ ಮೈಗೆ ಬೆಂಕಿ ಹತ್ತಿದ ಜವರಪ್ಪನಿಗೆ ಸುತ್ತಿ ಹೊರಗೆಳೆದರು. ಆಸ್ಪತ್ರೆಗೆ ಹೋಗುವ ಜೀಪಿನಲ್ಲಿ ಅವನು ಕೇಳಿದ್ದು ಇಷ್ಟೇ: "ಮಿಸೀನು ನಿಂತ್ತಾ ಅಣ್ಣ?"

ವಾರ ತುಂಬುವ ಮೊದಲೇ ಜವರಪ್ಪ ತೀರಿಕೊಂಡ.

ವಿಚಾರಣೆ ಪುಟ್ಟರಾಜುವನ್ನು ನಿರ್ದೋಷಿಯೆಂದಿತು. ಅವರು ಹಾರನಹಳ್ಳಿಗೆ ಹೋಗಿ ಜವರಪ್ಪನ ಹೆಂಡತಿ ಮಹದೇವಮ್ಮನ ಮುಂದೆ ಕೈಕಟ್ಟಿ ನಿಂತು ಎಲ್ಲವನ್ನೂ ಹೇಳಿದರು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, "ತಡಿ ಅಂದೋರು ನಮ್ ಯಜಮಾನ್ರೇ ಅಲ್ವಾ ಅಣ್ಣ? ನೀವ್ಯಾಕೆ ಕೊರಗ್ತೀರಿ?" ಎಂದಳು.

"ತಡಿ ಅಂದೋನು ಅವನು, ತಾಯಿ. ತಡ್ದೋನು ನಾನು."

ಆಮೇಲೆ ಮುಳ್ಳು ತುಸು ಕದಲಿದರೂ ಅವರು ಯಂತ್ರ ನಿಲ್ಲಿಸತೊಡಗಿದರು. ಮೇಲಿನವರು ಬೈದರು, ಬೇಡಿಕೊಂಡರು, ಕೊನೆಗೆ ಸಾಮಾನು ಕಾಯುವ ಸ್ಟೋರಿಗೆ ಹಾಕಿದರು. ಅಲ್ಲಿ ನಿಲ್ಲಿಸಲು ಯಾವ ಯಂತ್ರವೂ ಇರಲಿಲ್ಲ. ಅವಸರ ಮಾತ್ರ ಅವರನ್ನು ಬಿಡಲಿಲ್ಲ.

ಶಿಕ್ಷೆಯಾದರೆ ಎಂದೋ ಒಂದು ದಿನ ಮುಗಿಯುತ್ತದೆ. ಯಾರೂ ಶಿಕ್ಷಿಸದೆ ಬಿಟ್ಟ ಇಂಥ ಸಾಧುಜೀವಿಗಳು, ತಮ್ಮ ತಾಳ್ಮೆಯನ್ನೇ ಅಪರಾಧವೆಂದು ಎಣಿಸಿ, ಉಸಿರಿರುವ ತನಕ ತಮ್ಮನ್ನು ತಾವೇ ಅಟ್ಟಿಕೊಂಡು ನಡೆಯುತ್ತಾರೆ.