ಮೇಲಿನ ಹಲಗೆಯ ಸಬ್ಬಸಿಗೆ

ಮಗಳು ಸ್ಟೂಲು ಹತ್ತಿ, ಗೋಡೆಯ ಹಲಗೆಯಿಂದ ಸಬ್ಬಸಿಗೆ ಗಿಡದ ಡಬ್ಬಿಯನ್ನು ಇಳಿಸಿಯೇಬಿಟ್ಟಳು. ಕೊತ್ತಂಬರಿ, ಪುದೀನದ ಡಬ್ಬಿಗಳು ಆಗಲೇ ನೆಲಕ್ಕೆ ಬಂದಿದ್ದವು. ಅಮ್ಮನನ್ನು ಮಣ್ಣು ಮಾಡಿ ಬಂದವರು ನಡುಮನೆಯಲ್ಲಿ ಕೂತಿದ್ದರು. ಅವರಿಗೆಲ್ಲ ಬಟ್ಟಲು ಜೋಡಿಸಲು ಅಡುಗೆಮನೆಯಲ್ಲಿ ಅಂಗೈಯಗಲ ಜಾಗವಿರಲಿಲ್ಲ.

"ಅವನ್ನ ಮುಟ್ಟಬೇಡ್ವೇ," ಎಂದಳು ಚಿಕ್ಕಮ್ಮ, ಸೂಪು ಕಲಕುತ್ತ.

"ನೀನೂ ಅಮ್ಮನ ಹಾಗೇ ಆಡ್ಬೇಡ ಚಿಕ್ಕಮ್ಮ. ಮೊಣಕಾಲು ಊದ್ಕೊಂಡಿದ್ರೂ ಸ್ಟೂಲ್ ಎಳ್ಕೊಂಡು ಹತ್ತೋಳು. ಕೆಳಗಿಡ್ತೀನಿ ಅಂದ್ರೆ ನನ್ನ ಮೇಲೇ ಹಾರಿಬೀಳೋಳು."

ಬಾಗಿಲ ಬಳಿ ತಮ್ಮ ಎಂದಿನ ಕುರ್ಚಿಯಲ್ಲಿ ಕೂತಿದ್ದ ಪೇಂಟರು ಸ್ಟೂಲನ್ನೇ ನೋಡುತ್ತಿದ್ದರು. ಕಟ್ಟಡದವರೆಲ್ಲ ಅವಳ ಅಪ್ಪನನ್ನು ಕರೆಯುತ್ತಿದ್ದುದೇ ಹಾಗೆ.

*

ಮೂವತ್ತು ವರ್ಷ ಬಾಗಿಲು, ಬೀರುಗಳಿಗೆ ಬಣ್ಣ ಹೊಡೆದು ಪೇಂಟರ ಮೂಗು ಸತ್ತೇಹೋಗಿತ್ತು. ಹಾಲು ಸೀದರೂ ತಿಳಿಯುತ್ತಿರಲಿಲ್ಲ. ಹೆಂಡತಿಯೋ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವಳು. ಇನ್ನೂರು ಜನ ಹೊಗಳಿದರೂ ಗಂಡ ಒಮ್ಮೆ 'ಘಮ್ಮಂತಿದೆ' ಎನ್ನದಿದ್ದರೆ ಅವಳಿಗೆ ಸಮಾಧಾನವಿಲ್ಲ.

"ಸುಮ್ನೆ ಕೂತು ಸೋಮಾರಿ ಆಗಿದೆ ನಿಮ್ಮ ಮೂಗು," ಎಂದು ಹಾಲಿನಪುಡಿಯ ಮೂರು ಡಬ್ಬಿಗಳಲ್ಲಿ ಸೊಪ್ಪು ಬೆಳೆಸಿದಳು. ದಿನಾ ಸಂಜೆ, "ಕಣ್ಮುಚ್ಚಿ!" ಎಂದು ಒಂದು ಎಲೆಯನ್ನು ಹೊಸಕಿ ಮೂಗಿಗೆ ಹಿಡಿಯುವಳು. ಯಾವುದೆಂದು ಹೇಳಿದ ಮೇಲೇ ಅದು ಸಾರಿಗೋ ಪಲ್ಯಕ್ಕೋ ಬೀಳಬೇಕು.

ಮೊದಲ ವಾರವೆಲ್ಲ ತಪ್ಪು. ಅವಳ ಮುಖ ಬಾಡುತ್ತಿತ್ತು. ಆಮೇಲೆ ಮೂಗಿನ ಕೆಲಸಕ್ಕೆ ಕಿವಿ ಬಂತು. ಕೊತ್ತಂಬರಿ ಒಲೆಯ ಪಕ್ಕದಲ್ಲೇ, ಸದ್ದಿಲ್ಲ. ಪುದೀನ ಕಿಟಕಿಯ ಹೊರಗಟ್ಟೆಯಲ್ಲಿ, ಚಿಲಕ ಟಕ್ಕೆನ್ನುತ್ತದೆ. ಸಬ್ಬಸಿಗೆಗೆ ಸ್ಟೂಲು ಎಳೆಯಬೇಕು.

"ಸಬ್ಬಸಿಗೆ," ಎಂದರು ಒಂದು ದಿನ.

"ಬಂತು ನೋಡಿ ಮೂಗು!" ಎಂದು ಅವಳು ಸೌಟು ಹಿಡಿದುಕೊಂಡೇ ಹೊರಗೋಡಿ ಮೂರು ಮಹಡಿಗೂ ಸಾರಿ ಬಂದಳು. ಅಷ್ಟು ಖುಷಿಪಟ್ಟವಳಿಗೆ ನಿಜ ಹೇಳಲು ಯಾರಿಗೆ ಮನಸ್ಸು ಬಂದೀತು? ಹಾಗೇ ಹನ್ನೊಂದು ವರ್ಷ ಕಳೆಯಿತು. ಮೊನ್ನೆ ಆಸ್ಪತ್ರೆಯಲ್ಲಿ ಹೇಳಿಯೇಬಿಡೋಣವೆಂದು ಬಾಯಿ ತೆರೆದರೆ ಅವಳು, "ಗಿಡಕ್ಕೆ ನೀರು ಹಾಕಿದ್ರಾ?" ಎಂದಳು. ಅದೇ ಕೊನೆಯ ಮಾತಾಯಿತು.

*

"ನಾನವಳಿಗೆ ಮೋಸ ಮಾಡ್ಬಿಟ್ಟೆ ಕಣಮ್ಮ," ಎಂದರು ಪೇಂಟರು ಇದ್ದಕ್ಕಿದ್ದಂತೆ. "ನನಗೆ ಯಾವ ವಾಸನೇನೂ ಬರ್ತಿರಲಿಲ್ಲ. ಸದ್ದು ಕೇಳಿ ಹೇಳ್ತಿದ್ದೆ. ಪಾಪ, ಅವಳು ನಂಬಿದ್ಳು."

ಚಿಕ್ಕಮ್ಮನ ಸೌಟು ನಿಂತಿತು. ಅಳುವಿನ ನಡುವೆಯೂ ಅವಳಿಗೆ ನಗು ತಡೆಯಲಾಗಲಿಲ್ಲ.

"ಅಯ್ಯೋ ಭಾವ! ಅಕ್ಕನಿಗೆ ಗೊತ್ತಿರಲಿಲ್ಲ ಅಂದ್ಕೊಂಡ್ರಾ? ಒಂದ್ಸಲ ನಾನು ಈ ಡಬ್ಬಿಗಳನ್ನ ಅದಲು ಬದಲು ಮಾಡಿದ್ದಕ್ಕೆ ಜನ್ಮ ಜಾಲಾಡಿಬಿಟ್ಟಿದ್ಳು. 'ಡಬ್ಬಿ ಕದಲಿಸಿದ್ರೆ ನಮ್ಮನೆಯವರ ಮೂಗು ಹೋಗುತ್ತೆ ಕಣೇ' ಅಂತ."

ಪೇಂಟರು ಅವಳನ್ನೇ ನೋಡಿದರು. "ಮತ್ತೆ ಆ ಕಿಟಕಿ..."

"ಸುಡು ಬೇಸಿಗೇಲೂ ಯಾಕೆ ಮುಚ್ಚಿಡ್ತಿದ್ಳು ಹೇಳಿ? ಚಿಲಕದ ಸದ್ದು ನಿಮಗೆ ಕೇಳಿಸ್ಲಿ ಅಂತ."

ಪೇಂಟರು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು.

ಮಗಳು ಬಟ್ಟಲುಗಳನ್ನೆತ್ತಿ ನೆಲದ ಮೇಲೆ ಜೋಡಿಸಿದಳು. ಕೊತ್ತಂಬರಿಯನ್ನು ಒಲೆಯ ಪಕ್ಕಕ್ಕಿಟ್ಟಳು. ಚಿಲಕ ತೆಗೆದು ಪುದೀನವನ್ನು ಹೊರಗಿಟ್ಟು, ಕಿಟಕಿಯನ್ನು ಮತ್ತೆ ಮುಚ್ಚಿದಳು. ಆಮೇಲೆ ಸ್ಟೂಲನ್ನು ಹಲಗೆಯ ಕೆಳಗೆ ಎಳೆದಳು. ಅದು ಎಂದಿನಂತೆ ಕಿರ್ರೆಂದಿತು.

"ಸಬ್ಬಸಿಗೆ," ಎಂದರು ಪೇಂಟರು, ಮುಖದಿಂದ ಕೈ ತೆಗೆಯದೆ. "ಘಮ್ಮಂತಿದೆ."