ಉಡದ ಮನೆಗೆ ಮಣ್ಣು

ನಾಲಗೆ ಹೊರಗೆ ಬಂತು, ಒಳಗೆ ಹೋಯಿತು, ಸೀಳು ನಾಲಗೆ, ಹಳೆಯ ಗಾಜಿನ ಪೆಟ್ಟಿಗೆಯೊಳಗಿಂದ ನನ್ನನ್ನೇ ನೋಡುತ್ತಿದೆ ಈ ಹೆಣ್ಣು ಉಡ, ಹೊಟ್ಟೆ ತುಂಬ ಮೊಟ್ಟೆ, ಇಡಲು ಮೂರು ಅಡಿ ಆಳದ ಮಣ್ಣು ಬೇಕು, ಇಲ್ಲದಿದ್ದರೆ ಸಾಯುತ್ತದೆ ಎನ್ನುತ್ತಾನೆ ನನ್ನನ್ನು ಇಲ್ಲಿಗೆ ಕರೆಸಿಕೊಂಡ ಧಣಿ, ಕಫೀಲರ ಮಗ ಫಹದ್, ನಮಾಜು ಮುಗಿಸಿ ಬಂದವನೇ ಶುರು — ವಿವೇಕ್, ಮಿಟ್ಟಿ ಔರ್ ಡಾಲೋ, ಯಲ್ಲಾ, ಜಲ್ದಿ — ಹಾಕ್ತೀನಪಾ, ಹಾಕ್ತೀನಿ, ಗಡಿಯಾರದಲ್ಲಿ ಒಂದು ಹತ್ತು, ಊರಲ್ಲಿ ಮೂರು ನಲವತ್ತು, ನಾಲ್ಕಕ್ಕೆ ಅವ್ವನ ಮಣ್ಣು. ಬೆಳಗ್ಗೆ ಫೋನಿನಲ್ಲಿ ಅಣ್ಣ ಬಾಳಾಸಾಹೇಬ, ಅವ್ವ ಮಲಗಿದಾಕಿ ಏಳಲಿಲ್ಲೋ ತಮ್ಮಾ, ನೀ ಬರೂತನಾ ಇಡಾಕ ಆಗೂದಿಲ್ಲ, ಹೌದು ಆಗುವುದಿಲ್ಲ, ಇವತ್ತು ಶುಕ್ರವಾರ, ಇಲ್ಲಿ ಇರುವ ಪರವಾನಗಿ, ಇಕಾಮಾ, ಅದರ ನವೀಕರಣಕ್ಕೆ ಕೊಟ್ಟ ನನ್ನ ಪಾಸ್‌ಪೋರ್ಟು ಬೀಗ ಹಾಕಿದ ಕಚೇರಿಯ ಯಾವುದೋ ಕಪಾಟಿನಲ್ಲಿ, ಭಾನುವಾರದವರೆಗೆ ಸಿಗದು. ಯಾರನ್ನು ಬೈಯಲಿ, ಕೊಡುವ ಮೊದಲು ಕಫೀಲರು ಕೇಳಿದ್ದರು, ಊರಿಗೆ ಹೋಗಿ ಬರ್ತೀಯಾ ಎಂದು, ಉಡದ ಗೂಡು ಮುಗಿಸಿ ಹೋಗುತ್ತೇನೆ ಎಂದವನು ನಾನೇ, ದೊಡ್ಡ ಕೆಲಸಗಾರ. ಫಹದನಿಗೆ ಸುದ್ದಿ ಹೇಳಿಲ್ಲ, ಹೇಳಿದರೆ ಮನೆಗೆ ಹೋಗು ಎಂದಾನು, ಯಾವ ಮನೆಗೆ, ರೂಮಿನ ಮಂಚದ ಮೇಲೆ ಕೂತು ಗೋಡೆ ನೋಡಲೇ, ಅದಕ್ಕಿಂತ ಈ ಕೊಲ್ಲಿ ದೇಶದ ಶುವೈಖ್‌ನ ವರ್ಕ್‌ಶಾಪಿನ ಹಿತ್ತಲೇ ವಾಸಿ.

ಗೂಡು ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ, ಕಬ್ಬಿಣ ಕೊಯ್ದವನು ನಾನು, ವೆಲ್ಡಿಂಗ್ ನನ್ನದು, ಮೈ ಕಾಯಿಸಿಕೊಳ್ಳಲು ಮೇಲೆ ದೀಪ, ಬಾಗಿಲಂತೂ ಎಷ್ಟು ಚೆಂದ, ಒಂದು ಬೆರಳು ಸಾಕು ಮುಚ್ಚಲು — ಉಡಕ್ಕ ಮನಿ ಕಟ್ಟಾಕ ಅಷ್ಟು ದೂರ ಹೋಗ್ಯಾನ ನನ್ನ ಮಗ! ಅವ್ವ ಫೋನಿನಲ್ಲಿ ಕೆಮ್ಮು ಬರುವಷ್ಟು ನಕ್ಕಿದ್ದಳು, ಇಲ್ಲಿ ಬಚ್ಚಲಕ್ಕ ಬಾಗಲಿಲ್ಲ, ಗೋಣಿಚೀಲ ಕಟ್ಟೀನಿ, ಬಂದಾಗ ಒಂದ್ ಬಾಗಲಾ ಮಾಡಿ ಹಾಕಪಾ — ಹಾಕ್ತೀನಬೇ, ಇದೊಂದು ಮುಗೀಲಿ. ಮುಗಿಯಿತಲ್ಲ. ಗೋಣಿಚೀಲದ ಹಿಂದೆ ಇವತ್ತು ಅವಳಿಗೆ ಕೊನೆಯ ಸ್ನಾನ ಆಗಿರಬೇಕು, ಈಗ ವಿಭೂತಿ ಹಚ್ಚಿ ಕೂರಿಸಿರಬೇಕು, ಹೂಳುವ ಕುಣಿಯಲ್ಲೂ ಕೂತೇ ಇರುತ್ತಾಳೆ, ಅಪ್ಪನೂ ಹಾಗೆಯೇ ಕೂತಿದ್ದ, ಆಗ ನನಗೆ ಏಳು ವರ್ಷ, ಕೈಯಲ್ಲಿ ಮಣ್ಣು ಕೊಟ್ಟು ಹಾಕು ಎಂದರು, ನಾನು ಮುಷ್ಟಿ ಬಿಗಿಹಿಡಿದೆ, ಹಾಕಿದರೆ ಅಪ್ಪನ ಕಣ್ಣಿಗೆ ಬೀಳುತ್ತದೆ ಎಂದು ಅಳತೊಡಗಿದೆ, ಹಿರಿಯರು ಗದರಿದರೂ ಬಿಡಲಿಲ್ಲ, ಕಡೆಗೆ ಅವ್ವ ಬಂದು ಮಂಡಿಯೂರಿ ಕೂತು ಬೆರಳು ಬಿಡಿಸಿದಳು, ಮೊದಲು ಕಿರುಬೆರಳು, ಆಮೇಲೆ ಒಂದೊಂದೇ, ಬಿಡಪಾ, ಬಿಡು, ಅಂವಗೇನೂ ನೋವಾಗೂದಿಲ್ಲ. ಒಂದೂವರೆ. ಅಲ್ಲಿ ನಾಲ್ಕು, ಸಣ್ಣ ಮಗ ಎಲ್ಲಿ ಎಂದು ಯಾರೋ ಕೇಳುತ್ತಿರಬೇಕು, ಅಣ್ಣ ತಲೆ ತಗ್ಗಿಸಿರಬೇಕು. ಸಲಿಕೆ ಯಾವಾಗ ಕೆಳಗಿಟ್ಟೆನೋ, ಗೂಡಿನೊಳಗೆ ಕುಕ್ಕರಗಾಲಲ್ಲಿ ಕೂತಿದ್ದೇನೆ, ಕೈ ತುಂಬ ಒದ್ದೆ ಮಣ್ಣು, ಉಡಕ್ಕೆಂದು ಬೆಳಗ್ಗೆ ನೀರು ಬೆರೆಸಿ ಹದ ಮಾಡಿದ್ದು, ಹೊರಗೆ ಫಹದ್, ವಿವೇಕ್, ಖಲಾಸ್? ಇಲ್ಲ, ಇನ್ನೊಂದು ಹಿಡಿ, ಇದೊಂದು ಹಿಡಿ ಹಾಕಬೇಕು, ಅವ್ವಾ ನಿನಗೆ ಇಲ್ಲಿಂದಲೇ — ಮುಷ್ಟಿ ಬಿಚ್ಚುತ್ತಿಲ್ಲ, ಬಿಡಪಾ, ಬಿಡು, ಬೆರಳು ಬಿಡಿಸುವವರು ಯಾರು, ಮೊದಲು ಕಿರುಬೆರಳು, ಮೊದಲು ಕಿರುಬೆರಳು, ಕಿರುಬೆರಳು