ಬೆನ್ನ ಮೇಲಿನ ಶಾಯಿ

"ದೂರವನ್ನು ಇನ್ನೊಮ್ಮೆ ಅಳೆದ ದಿನ ಈ ಗಾಜನ್ನು ಹೊರಗೆ ತೆಗೆಸ್ತೀನಿ. ನಿಮ್ಮ ಹೆಸರಲ್ಲೇ ಪ್ರಬಂಧಕ್ಕೆ ಸೇರಿಸ್ತೀನಿ. ಇದು ನನ್ನ ಮಾತು." ಹೀಗಂದವರು ವೀಕ್ಷಣಾಲಯದ ಹಿರಿಯರಾದ ವೆಂಕೋಬರಾಯರು. ಕೇಳಿಸಿಕೊಂಡವರು ವಾರಿಜಾಕ್ಷಿ ಅವರು ಮತ್ತು ನಾನು.

ನಾನು ಎರಡು ಬೆರಳಗಲದ ಗಾಜಿನ ಪಟ್ಟಿ. ಬೆಳಕು ತಾಗಿದರೆ ಕಪ್ಪಾಗುವ ಲೇಪವನ್ನು ಮುಖಕ್ಕೆ ಬಳಿದು, ಕಪ್ಪು ಕಾಗದ ಸುತ್ತಿ ನನ್ನನ್ನು ಬೆಟ್ಟಕ್ಕೆ ಕಳಿಸಿದರು. ಅಲ್ಲಿ ಎರಡು ರಾತ್ರಿ ದೂರದರ್ಶಕದಡಿ ಕೂತು ಒಂದೇ ಗೆಲಾಕ್ಸಿಯ ಬೆಳಕು ಕುಡಿದೆ. ಪಟ್ಟಕವೆಂಬ ಮುಮ್ಮೂಲೆ ಗಾಜು ಆ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನನ್ನ ಮೇಲೆ ಹರಡಿತು. ನಡುವೆ ಎರಡು ಸಣ್ಣ ಗೆರೆ. ನನ್ನ ಜೀವಮಾನದ ಸಂಪಾದನೆ ಅಷ್ಟೇ.

ಅವನ್ನು ಅಳೆಯುವುದು ವಾರಿಜಾಕ್ಷಿಯವರ ಕೆಲಸ. ಗೆರೆ ಕೆಂಪಿನ ಕಡೆ ಸರಿದಷ್ಟೂ ಗೆಲಾಕ್ಸಿ ವೇಗವಾಗಿ ದೂರ ಹೋಗುತ್ತಿದೆ ಎಂದರ್ಥ. ವೇಗ ನನ್ನಿಂದ, ದೂರ ಬೇರೆ ಕಡೆಯಿಂದ. ಎರಡನ್ನೂ ಎದುರುಬದುರು ಇಟ್ಟರೆ ವಿಶ್ವ ಎಷ್ಟು ಬೇಗ ಹಿಗ್ಗುತ್ತಿದೆಯೆಂದು ತಿಳಿಯುತ್ತದೆ. ಅವರು ಒಮ್ಮೆ ಅಳೆದು, ಕಣ್ಣಿನ ತಪ್ಪು ಕಳೆಯಲೆಂದು ನನ್ನನ್ನು ತಿರುಗಿಸಿಟ್ಟು ಮತ್ತೆ ಅಳೆದರು. ನನ್ನ ಬೆನ್ನಿಗೆ ನೀಲಿ ಶಾಯಿಯಲ್ಲಿ ವೇಗವನ್ನೂ ತಮ್ಮ ಹೆಸರನ್ನೂ ಬರೆದರು.

ವೇಗ ಜಾಸ್ತಿ ಬಂದಿತ್ತು. ಅಷ್ಟು ಹತ್ತಿರದ ಗೆಲಾಕ್ಸಿ ಅಷ್ಟು ಓಡಬಾರದು. ರಾಯರು ನಕ್ಕು, ಯಾರೋ ಗಾಜು ಅಲುಗಿಸಿದ್ದಾರೆ, ಇಲ್ಲವೇ ನಿಮಗೆ ಕನ್ನಡಕ ಬೇಕು ಅಂದರು.

"ಕನ್ನಡಕ ಹಾಕ್ಕೊಂಡೇ ಅಳೆದಿದ್ದು ಸಾರ್. ವೇಗ ಸರಿಯಿದೆ. ತಪ್ಪಿರೋದು ದೂರ."

ದೂರ ಅಳೆದವರು ರಾಯರೇ. ಅವರ ಹುಬ್ಬು ಗಂಟಿಕ್ಕಿತು. ಆದರೂ ಮನುಷ್ಯ ಒಳ್ಳೆಯವರು, ಆ ಮಾತು ಕೊಟ್ಟರು. ದಾಖಲೆ ಪುಸ್ತಕದಲ್ಲಿ ನನ್ನ ಮುಂದೆ 'ಕೆಟ್ಟಿದೆ' ಎಂದಷ್ಟೇ ಬರೆದು, ಬೇಡದ ಗಾಜುಗಳ ಖಾನೆಗೆ ಹಾಕಿಸಿದರು.

ಪ್ರತಿ ಆಯುಧಪೂಜೆಗೆ ವಾರಿಜಾಕ್ಷಿಯವರು ಖಾನೆ ಎಳೆದು, "ಇದ್ದೀಯಾ" ಅನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಬರಲಿಲ್ಲ. ತೀರಿಕೊಂಡರಂತೆ ಎಂದು ಖಾನೆಯ ಹೊರಗೆ ಯಾರೋ ಮಾತಾಡಿಕೊಂಡರು.

ನಾನು ಖಾನೆ ಸೇರಿ ಮೂವತ್ತು ವರ್ಷವಾದ ಮೇಲೆ ಅದೇ ಗೆಲಾಕ್ಸಿಯಲ್ಲೊಂದು ನಕ್ಷತ್ರ ಸಿಡಿಯಿತು. ಅಂಥ ನಕ್ಷತ್ರದ ನಿಜವಾದ ಪ್ರಖರತೆ ಗೊತ್ತಿರುವುದರಿಂದ, ಅದು ಎಷ್ಟು ಮಸುಕಾಗಿ ಕಂಡಿತೆಂಬುದರ ಮೇಲಿಂದ ದೂರ ಸಿಕ್ಕಿತು. ರಾಯರು ಹೇಳಿದ್ದರ ದುಪ್ಪಟ್ಟು! ಹಳೆಯ ಗಾಜುಗಳನ್ನು ಯಂತ್ರದಿಂದ ಓದಿಸಲು ನಸೀಮಾ ಎಂಬ ಸಂಶೋಧಕಿ ಬಂದು, ಬೇಡದ ಖಾನೆಯಿಂದ ನನ್ನನ್ನೂ ತೆಗೆಸಿದರು. ನೆರವಿಗೆ ರಾಯರನ್ನೇ ಕರೆಸಿದರು. ಎಂಬತ್ತು ದಾಟಿತ್ತು, ಕಣ್ಣು ಮಂಜಾಗಿ ಅಕ್ಷರ ಕಾಣುತ್ತಿರಲಿಲ್ಲ. ಬೆನ್ನ ಶಾಯಿ ಯಂತ್ರಕ್ಕೆ ಅಡ್ಡಿ, ಒರೆಸಿಯೇ ಕೊಡಬೇಕು. ಸ್ಪಿರಿಟ್ ಹತ್ತಿಯಿಂದ ರಾಯರೇ ನನ್ನ ಬೆನ್ನನ್ನು ನಿಧಾನವಾಗಿ, ಅಕ್ಕರೆಯಿಂದ ಒರೆಸಿದರು.

ಯಂತ್ರ ಹೇಳಿದ್ದು ನನ್ನ ಬೆನ್ನ ಮೇಲಿದ್ದ ವೇಗವನ್ನೇ. ಹೊಸ ದೂರಕ್ಕೆ ಅದು ಸರಿಯಾಗಿ ಕೂತಿತು.

"ಇದನ್ನ ಮೊದಲು ಅಳೆದವರು ಯಾರು ಸಾರ್? ಪುಸ್ತಕದಲ್ಲಿ ಹೆಸರಿಲ್ಲ," ಅಂದರು ನಸೀಮಾ.

ರಾಯರು ಕೈಯಲ್ಲಿದ್ದ ಹತ್ತಿಯನ್ನು ನೋಡಿದರು. ಅದು ನೀಲಿಯಾಗಿತ್ತು. "ಕನ್ನಡಕ ಹಾಕ್ಕೊಂಡಿದ್ದ ಹೆಣ್ಣುಮಗಳು ಒಬ್ಬರಿದ್ದರಮ್ಮ," ಅಂದರು. ಹೆಸರು ನೆನಪಿಗೆ ಬರಲಿಲ್ಲ.

ಈಗ ನಾನು ಒಳ್ಳೆಯ ಗಾಜುಗಳ ಖಾನೆಯಲ್ಲಿದ್ದೇನೆ. ಕೋಟ್ಯಂತರ ವರ್ಷ ನಡೆದು ಬಂದ ಬೆಳಕನ್ನು ಉಳಿಸಿಕೊಂಡೆ, ಮೂವತ್ತು ವರ್ಷದ ಶಾಯಿಯನ್ನು ಉಳಿಸಿಕೊಳ್ಳಲಾಗಲಿಲ್ಲ. ಪ್ರಬಂಧ ಅಚ್ಚಾಯಿತು. ಅದರಲ್ಲಿ ವಾರಿಜಾಕ್ಷಿಯವರ ಹೆಸರಿಲ್ಲ. ರಾಯರ ಮಾತು ನಡೆಯಲಿಲ್ಲ.